ಕೊನೆಯ ಪಂಕ್ತಿಯವರು

ಮದುವೆಯ ಮನೆಯಲ್ಲಿ ಮುಹೂರ್ತ ಸಮೀಪಿಸಿದಾಗ ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ! ಗಟ್ಟಿಮೇಳ!' ಎಂದು ಕೂಗುವುದುಂಟು. ಆ ಕ್ಷಣದಲ್ಲಿ ಯಾರೋ ಸೀನಿದರೂ, ಮಗುವೊಂದು ಅತ್ತರೂ, ಹಿಂದಿನ ಸಾಲಿನಲ್ಲಿ ಬೀಗರಿಬ್ಬರು ಮಾತಿಗೆ ಮಾತು ಬೆಳೆಸಿದರೂ ಅದಾವುದೂ ವಧೂವರರ ಕಿವಿಗೆ ಬೀಳಬಾರದೆಂಬುದು ಹಿರಿಯರ ಆಶಯ. ಅಪಶಬ್ದವನ್ನು ತಡೆಯುವ ಈ ಗುರುತರವಾದ ಹೊಣೆಯನ್ನು ಸಂಪ್ರದಾಯವು ಒಪ್ಪಿಸಿರುವುದು ಪುರೋಹಿತರಿಗಲ್ಲ, ಹೆಣ್ಣಿನ ತಂದೆಗೂ ಅಲ್ಲ. ಚಪ್ಪರದ ಮೂಲೆಯಲ್ಲಿ ಜಮಖಾನೆಯ ಮೇಲೆ ಕುಳಿತ ವಾದ್ಯದವರಿಗೆ. ತಾಳಿ ಕಟ್ಟುವ ಗಳಿಗೆಯಲ್ಲಿ ಅವರಷ್ಟು ಬೇಕಾದವರು ಇನ್ನೊಬ್ಬರಿಲ್ಲ. ತಾಳಿ ಕಟ್ಟಿ ಆಯಿತು, ಅಕ್ಷತೆ ಬಿದ್ದಿತು. ಆಮೇಲೆ ಅವರು ಉಂಡರೋ ಬಿಟ್ಟರೋ ಎಂದು ವಿಚಾರಿಸುವವರೂ ಇನ್ನೊಬ್ಬರಿಲ್ಲ.

ಬೆಳಗಿನ ವಾಲಗ ಮುಗಿದು ಸಂಜೆಯ ಆರತಕ್ಷತೆ ಆರಂಭವಾಗುವ ಹೊತ್ತಿಗೆ ಅದೇ ಮೂಲೆಗೆ ಮತ್ತೊಂದು ತಂಡ ಬಂದು ಸೇರುತ್ತದೆ. ಜನರ ಬಾಯಲ್ಲಿ ಇದರ ಹೆಸರು ಆರ್ಕೆಸ್ಟ್ರಾ. ಅಚ್ಚಿನ ಅಕ್ಷರದಲ್ಲಿ 'ರಸಮಂಜರಿ ಕಾರ್ಯಕ್ರಮ'. ಒಬ್ಬ ಗಾಯಕ, ಒಬ್ಬಳು ಗಾಯಕಿ, ಕೀಬೋರ್ಡಿನವನು, ಗಿಟಾರಿನವನು, ತಬಲದವನು, ರಿದಂ ಪ್ಯಾಡಿನವನು; ಮನೆಯವರು ಸ್ವಲ್ಪ ಕೈ ಬಿಚ್ಚಿದರೆ ಸ್ಯಾಕ್ಸೊಫೋನ್ ಊದುವವನೊಬ್ಬ. ಇವರು ಹಾಡುವ ಹಾಡುಗಳಲ್ಲಿ ಒಂದೂ ಇವರದಲ್ಲ. ಯಾರೋ ಬರೆದು, ಯಾರೋ ರಾಗ ಹಾಕಿ, ಯಾರೋ ಹಾಡಿ, ಮತ್ತಾರೋ ತೆರೆಯ ಮೇಲೆ ಕುಣಿದ ಹಾಡುಗಳನ್ನು ಇವರು ಹೊತ್ತು ತಂದು ಬಡಿಸಬೇಕು. ಹಗಲಿನಲ್ಲಿ ಇವರನ್ನು ಹುಡುಕಿಕೊಂಡು ಹೋದರೆ ಒಬ್ಬನು ಹೊಲಿಗೆಯ ಯಂತ್ರದ ಮುಂದೆ, ಒಬ್ಬನು ಅರಿಸಿನದ ಹೊಲದಲ್ಲಿ, ಒಬ್ಬನು ಶಾಲೆಯ ಸಂಗೀತದ ತರಗತಿಯಲ್ಲಿ, ಮತ್ತೊಬ್ಬನು ಆಟೋರಿಕ್ಷಾ ನಿಲ್ದಾಣದಲ್ಲಿ ಕಾಣಸಿಗಬಹುದು. ರಾತ್ರಿಯಾದರೆ ಇವರೇ ಮಿನುಗುವ ಅಂಗಿಯವರು.

ನಾಡಿನ ಎಲ್ಲ ಊರುಗಳಲ್ಲಿಯೂ ಇಂಥ ತಂಡಗಳುಂಟು. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಈ ವೃತ್ತಿಗೆ ಅದರದೇ ಆದ ಕಷ್ಟವೂ ಸೊಗಸೂ ಇವೆ. ಗುಂಡ್ಲುಪೇಟೆಯಿಂದ ಹೊರಟ ರಸ್ತೆ ಒಂದು ಕಡೆ ಮೈಸೂರಿಗೆ, ಒಂದು ಕಡೆ ಬಂಡೀಪುರದ ಕಾಡು ಹಾಯ್ದು ಗೂಡಲೂರು, ಉದಕಮಂಡಲಗಳಿಗೆ, ಇನ್ನೊಂದು ಕಡೆ ವೈನಾಡಿನ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಚಾಮರಾಜನಗರದಿಂದ ದಕ್ಷಿಣಕ್ಕೆ ಇಳಿದರೆ ತಾಳವಾಡಿ, ಅದರಾಚೆಗೆ ದಿಂಬಂ ಘಟ್ಟ, ಸತ್ಯಮಂಗಲ. ಮೂರು ರಾಜ್ಯಗಳು ಕೈಹಿಡಿದು ನಿಂತ ಈ ಮೂಲೆಯಲ್ಲಿ ಹೆಣ್ಣು ಕೊಟ್ಟು ತರುವ ಸಂಬಂಧವೂ ಗಡಿಕಲ್ಲನ್ನು ಲೆಕ್ಕಿಸಿದ್ದಿಲ್ಲ. ಗಂಡಿನ ಕಡೆಯವರು ಕನ್ನಡದ ಹಾಡು ಬೇಡಿದರೆ ಹೆಣ್ಣಿನ ಸೋದರಮಾವನಿಗೆ ತಮಿಳು ಬೇಕು. ಬತ್ತೇರಿಯ ಸ್ನೇಹಿತರು ಬಂದಿದ್ದರೆ ಮಲಯಾಳವೂ ಬೇಕು. ಗಾಯಕನ ಕೈಯಲ್ಲಿರುವ, ಎಣ್ಣೆಯ ಕಲೆಯಾದ ನೋಟುಪುಸ್ತಕದಲ್ಲಿ ಮೂರು ಭಾಷೆಯ ಹಾಡುಗಳೂ ಕನ್ನಡ ಲಿಪಿಯಲ್ಲಿಯೇ ಇರುತ್ತವೆ. ಅರ್ಥ ತಿಳಿಯದ ಸಾಲಿನಲ್ಲಿಯೂ ಭಾವ ತಪ್ಪದಂತೆ ಹಾಡುವುದು ಸಾಮಾನ್ಯ ವಿದ್ಯೆಯೇನಲ್ಲ.

ಇವರ ಪಂಚಾಂಗವೂ ಬೇರೆ. ಸರ್ಕಾರಿ ನೌಕರನಿಗೆ ವರ್ಷಕ್ಕೆ ಹನ್ನೆರಡು ತಿಂಗಳಾದರೆ ವಾದ್ಯಗೋಷ್ಠಿಯವನಿಗೆ ಆರೇಳು. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳು ದುಡಿಮೆಯ ಮಾಸಗಳು. ಭಾದ್ರಪದದಲ್ಲಿ ಗಣಪತಿ ಕೈಹಿಡಿಯುತ್ತಾನೆ, ನವೆಂಬರಿನಲ್ಲಿ ರಾಜ್ಯೋತ್ಸವ. ಪಿತೃಪಕ್ಷದಲ್ಲಿ ಕೆಲಸವಿಲ್ಲ, ಧನುರ್ಮಾಸದಲ್ಲಿ ಇಲ್ಲ, ಆಷಾಢದಲ್ಲಂತೂ ಮೊದಲೇ ಇಲ್ಲ. ವಿಚಿತ್ರವೆಂದರೆ, ವಾದ್ಯದವರ ಪಾಲಿಗೆ ಬರಿದಾದ ಈ ಆಷಾಢದಲ್ಲಿಯೇ ಚಾಮರಾಜನಗರ ನವದಂಪತಿಗಳಿಂದ ತುಂಬಿ ತುಳುಕುತ್ತದೆ. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1774ರಲ್ಲಿ ಖಾಸಾ ಚಾಮರಾಜ ಒಡೆಯರು ಜನಿಸಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಬೇರೆಡೆ ರಥಗಳೆಲ್ಲ ವಿಶ್ರಾಂತಿಯಲ್ಲಿರುವ ಆಷಾಢ ಮಾಸದಲ್ಲಿ ಇಲ್ಲಿ ತೇರು ಹೊರಡುತ್ತದೆ. ತವರಿಗೆ ಬಂದ ಹೊಸ ಮದುವಣಗಿತ್ತಿಯೂ ಅವಳನ್ನು ಅಗಲಿದ ಗಂಡನೂ ತೇರಿನ ನೆಪದಲ್ಲಿ ಇಲ್ಲಿ ಕೂಡುತ್ತಾರೆ. 2017ರಲ್ಲಿ ಹಳೆಯ ರಥ ಬೆಂಕಿಗೆ ಸಿಕ್ಕಿ ಉತ್ಸವ ನಿಂತಿತ್ತು. 2022ರಲ್ಲಿ ಹೊಸ ರಥ ಬೀದಿಗಿಳಿಯಿತು. ವೈಶಾಖದಲ್ಲಿ ಯಾರ ಯಾರ ಆರತಕ್ಷತೆಗೆ ಹಾಡಿದ್ದನೋ ಆ ಜೋಡಿಗಳೆಲ್ಲ ಹಣ್ಣು ದವನ ಹಿಡಿದು ತೇರಿನ ಮುಂದೆ ನಿಂತಿರುವಾಗ, ಅದೇ ಜನಜಂಗುಳಿಯಲ್ಲಿ ಗಾಯಕನೂ ತನ್ನ ಹೆಂಡತಿ ಮಕ್ಕಳೊಡನೆ ನಿಂತಿರುತ್ತಾನೆ. ಗುರುತು ಹಿಡಿಯುವವರು ವಿರಳ.

ಒಂದು ಸಂಜೆಯ ಕಾರ್ಯಕ್ರಮವೆಂದರೆ ಮೂರು ಗಂಟೆಯ ಹಾಡು ಎಂದು ಅತಿಥಿಗಳು ಭಾವಿಸುತ್ತಾರೆ. ಹಾಡು ಮೂರು ಗಂಟೆ ನಿಜ. ಅದರ ಹಿಂದೆ ಮುಂದೆ ಮತ್ತೊಂದು ದಿನವೇ ಅಡಗಿದೆ. ಮಧ್ಯಾಹ್ನವೇ ಪೆಟ್ಟಿಗೆಗಳನ್ನು ವ್ಯಾನಿಗೆ ಹೇರಬೇಕು. ಛತ್ರಕ್ಕೆ ಬಂದರೆ ವೇದಿಕೆಯ ಮೇಲೆ ಹೂವಿನ ಅಲಂಕಾರದವರು ಇನ್ನೂ ಚೆಂಡುಹೂವು ಪೋಣಿಸುತ್ತಿರುತ್ತಾರೆ. ವಿದ್ಯುತ್ತಿನ ತಂತಿ ಎಲ್ಲಿದೆ ಎಂದು ಕೇಳಿದರೆ ಅಡಿಗೆಯವರನ್ನು ಕೇಳಿ ಎನ್ನುತ್ತಾರೆ. ಅಡಿಗೆಯವರು ಛತ್ರದ ಮೇಟಿಯನ್ನು ತೋರಿಸುತ್ತಾರೆ. ಅಂತೂ ಧ್ವನಿವರ್ಧಕ ಬಾಯಿ ಬಿಟ್ಟು 'ಹಲೋ, ಒನ್, ಟೂ' ಆದ ಮೇಲೆ ಗಣಪತಿಯ ಸ್ತುತಿ. ಬಳಿಕ ಒಂದೆರಡು ಭಕ್ತಿಗೀತೆ. ಅಷ್ಟರಲ್ಲಿ ಮೊದಲ ಸಾಲಿನ ಹಿರಿಯರೊಬ್ಬರು ಎದ್ದು ಬರುತ್ತಾರೆ.

"ಏನಪ್ಪಾ, ಒಸಿ ಅಣ್ಣಾವ್ರದ್ದು ಹಾಡಪ್ಪ."

"ಆಗ್ಲಿ ಬುದ್ಧಿ, ಇನ್ನೊಂದಾಗ್ಲಿ, ಅದೇ ಮುಂದಿನ್ದು."

ಅಣ್ಣಾವ್ರೆಂದರೆ ಈ ಸೀಮೆಯಲ್ಲಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ತಾಳವಾಡಿಯ ಬಳಿಯ ಗಾಜನೂರು ಇಂದು ತಮಿಳುನಾಡಿಗೆ ಸೇರಿರಬಹುದು, ಡಾ. ರಾಜಕುಮಾರರನ್ನು ಮಾತ್ರ ಚಾಮರಾಜನಗರದವರು ತಮ್ಮ ಮನೆಯ ಮಗನೆಂದೇ ಎಣಿಸುತ್ತಾರೆ. ತೆರೆಯ ಮೇಲೆ ಬಹುಕಾಲ ಪಿ. ಬಿ. ಶ್ರೀನಿವಾಸರ ಕಂಠದಲ್ಲಿ ಹಾಡಿದ ರಾಜಕುಮಾರರು 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ಮುಂದಕ್ಕೆ ತಮ್ಮ ಕಂಠದಲ್ಲಿಯೇ ಹಾಡತೊಡಗಿದರು; 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಆ ಕಂಠವನ್ನು ಅನುಕರಿಸುವುದು ಇಲ್ಲಿಯ ಗಾಯಕನಿಗೆ ಹೆಮ್ಮೆಯೂ ಹೌದು, ಅಗ್ನಿಪರೀಕ್ಷೆಯೂ ಹೌದು. ಏಕೆಂದರೆ ಕೇಳುವವರಲ್ಲಿ ಆ ಹಾಡನ್ನು ನೂರು ಸಲ ಕೇಳದವರು ಯಾರೂ ಇಲ್ಲ. ಒಂದು ಉಸಿರು ತಪ್ಪಿದರೂ, ಒಂದು ಒತ್ತಕ್ಷರ ಜಾರಿದರೂ ಹಿರಿಯರ ತಲೆ ಅಡ್ಡಡ್ಡ ಆಡುತ್ತದೆ.

ಇಲ್ಲಿಯೇ ಒಂದು ಆಕ್ಷೇಪ ಏಳುತ್ತದೆ. ಇದೆಲ್ಲ ಅನುಕರಣೆಯಲ್ಲವೆ? ಬೇರೆಯವರ ಹಾಡನ್ನು ಬೇರೆಯವರಂತೆ ಹಾಡುವುದರಲ್ಲಿ ಕಲೆಯೆಲ್ಲಿ ಬಂತು? ವಿದ್ಯಾವಂತರ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಇದೇ ವಿದ್ಯಾವಂತರು ಗಮಕಿಯೊಬ್ಬರು ಕುಮಾರವ್ಯಾಸ ಭಾರತವನ್ನು ವಾಚಿಸುವಾಗ 'ಇದು ನಿಮ್ಮ ಸ್ವಂತ ಕಾವ್ಯವೆ?' ಎಂದು ಕೇಳುವುದಿಲ್ಲ. ತ್ಯಾಗರಾಜರ ಕೃತಿಯನ್ನು ಹಾಡಿದ ವಿದ್ವಾಂಸರಿಗೆ 'ಎರವಲು ಹಾಡಿದಿರಿ' ಎನ್ನುವುದಿಲ್ಲ. ಇನ್ನೊಬ್ಬರ ಪದವನ್ನು ತನ್ನ ಕೊರಳಲ್ಲಿ ಬದುಕಿಸುವುದು ನಮ್ಮ ನಾಡಿನಲ್ಲಿ ಬಹು ಗೌರವದ ವಿದ್ಯೆ. ಸಭಾಂಗಣದಲ್ಲಿ ಅದು ವಿದ್ವತ್ತಾಗಿ, ಛತ್ರದಲ್ಲಿ ಅದೇ ಅನುಕರಣೆಯಾಗುವುದೇಕೆ? ವ್ಯತ್ಯಾಸವಿರುವುದು ಹಾಡುವವನಲ್ಲೋ, ಕೇಳುವವರು ಕುಳಿತ ಕುರ್ಚಿಯಲ್ಲೋ ಎಂಬುದು ಯೋಚಿಸತಕ್ಕ ವಿಷಯ.

ಕಾನೂನು ಕೂಡ ಮದುವೆಯ ಮನೆಯ ಹಾಡನ್ನು ಕಳವೆಂದು ಎಣಿಸಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿಯು, ಧಾರ್ಮಿಕ ಸಮಾರಂಭದಲ್ಲಿ ಹಾಡನ್ನು ಪ್ರಯೋಗಿಸುವುದು ಹಕ್ಕಿನ ಉಲ್ಲಂಘನೆಯಲ್ಲವೆಂದು ಹೇಳಿ, ಮದುವೆಯ ಮೆರವಣಿಗೆಯನ್ನೂ ಮದುವೆಗೆ ಸಂಬಂಧಿಸಿದ ಸಂತೋಷಕೂಟಗಳನ್ನೂ ಆ ಮಾತಿನೊಳಗೆ ಸೇರಿಸಿಕೊಂಡಿದೆ. 2023ರಲ್ಲಿ ಕೇಂದ್ರ ಸರ್ಕಾರ ಈ ಮಾತನ್ನು ಪ್ರಕಟಣೆಯ ಮೂಲಕ ಮತ್ತೊಮ್ಮೆ ಸ್ಪಷ್ಟಪಡಿಸಿತು. ಮಂಗಳಕಾರ್ಯದಲ್ಲಿ ಹಾಡು ಊರಿನ ಸೊತ್ತು ಎಂಬ ಹಳೆಯ ತಿಳಿವಳಿಕೆಗೆ ಶಾಸನವೂ ತಲೆಬಾಗಿದೆ ಎನ್ನಬೇಕು.

ಅಷ್ಟಕ್ಕೂ ಯಾರು ಯಾರಿಂದ ಎರವಲು ಪಡೆದವರು? ಮಲೆಯ ಮಹದೇಶ್ವರನ ಬೆಟ್ಟ ಇರುವುದು ಇದೇ ಜಿಲ್ಲೆಯಲ್ಲಿ. ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮಟ್ಟುಗಳು ಇಲ್ಲಿಯವು. 1996ರ 'ಜನುಮದ ಜೋಡಿ'ಯಂಥ ಚಿತ್ರ ಮಹದೇಶ್ವರನ ಪದದ ಮಟ್ಟನ್ನು ನಾಡಿಗೆಲ್ಲ ಹಂಚಿತು. ಹೀಗೆ ಬೆಟ್ಟದಿಂದ ಇಳಿದು, ಬೆಂಗಳೂರಿನ ಧ್ವನಿಮುದ್ರಣ ಮಂದಿರಗಳನ್ನು ಸುತ್ತಿ, ಚಿತ್ರಗೀತೆಯ ವೇಷ ತೊಟ್ಟ ಮಟ್ಟು ಚಾಮರಾಜನಗರದ ಛತ್ರದಲ್ಲಿ ಮತ್ತೆ ಕೇಳಿಸುತ್ತದೆ. ತಬಲದವನು ಆಗ ತಬಲವನ್ನು ಬದಿಗಿಟ್ಟು ಕಂಸಾಳೆಯನ್ನು ಕೈಗೆತ್ತಿಕೊಂಡರೆ, ಹಿಂದಿನ ಸಾಲಿನಲ್ಲಿ ಕುಳಿತ ಮುದುಕಿಯ ಕಾಲು ತಾನಾಗಿ ತಾಳ ಹಾಕುತ್ತದೆ. ಅವಳಿಗೆ ಅದು ಚಲನಚಿತ್ರದ ಹಾಡಲ್ಲ. ಮಗಳು ಮದುವೆಯಾಗಿ ಹೋದದ್ದನ್ನು ತಾಯಿ ನೋಡಲು ಹೋದಂತೆ, ಹಾಡೂ ಒಮ್ಮೆ ತವರಿಗೆ ಬಂದಿದೆ.

ವಾದ್ಯಗಳ ಕಥೆಯೂ ಹೀಗೆಯೇ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬುವನು ಪ್ಯಾರಿಸ್ಸಿನಲ್ಲಿ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನ್, ಸೇನೆಯ ಬ್ಯಾಂಡುಗಳ ಹೆಗಲೇರಿ ಲೋಕಸಂಚಾರ ಮಾಡಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. ಬಂಟ್ವಾಳದ ಬಳಿ ನಾಗಸ್ವರ ವಿದ್ವಾಂಸರ ಮಗನಾಗಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಅರಮನೆಯ ಆ ಬ್ಯಾಂಡನ್ನು ಕೇಳಿ ಮನಸೋತರು. ಪರದೇಶದ ಕೊಳವೆಯಿಂದ ಕರ್ಣಾಟಕ ಸಂಗೀತದ ಗಮಕಗಳನ್ನು ಹೊರಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. 2019ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಕರಾವಳಿಯ ಮದುವೆಗಳಲ್ಲಿ ಸ್ಯಾಕ್ಸೊಫೋನ್ ನಾಗಸ್ವರದ ಪಕ್ಕದಲ್ಲಿ, ಎಷ್ಟೋ ಕಡೆ ನಾಗಸ್ವರದ ಪೀಠದಲ್ಲಿಯೇ, ಕುಳಿತಾಗಿತ್ತು. ಬ್ಯಾಂಡಿನವರ ವಾದ್ಯವೆಂದು ಮೂಗು ಮುರಿದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇದೇ ಸ್ಯಾಕ್ಸೊಫೋನ್ ಭೂಗೋಲದ ಇನ್ನೊಂದು ಬದಿಯಲ್ಲಿ, ಬ್ರಿಟಿಷರದೇ ಆಳ್ವಿಕೆಯಲ್ಲಿದ್ದ ಜಮೈಕ ದ್ವೀಪದಲ್ಲಿ, ಮತ್ತೊಂದು ವಿಚಿತ್ರವನ್ನು ಮಾಡಿತು. ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಎಂಬ ಶಾಲೆಯಿತ್ತು. ಬಡವರ, ದಿಕ್ಕಿಲ್ಲದವರ ಮಕ್ಕಳಿಗೆ ಅಲ್ಲಿ ಕಸಬಿನ ಜೊತೆಗೆ ಬ್ಯಾಂಡಿನ ವಾದ್ಯಗಳನ್ನೂ ಕಲಿಸುತ್ತಿದ್ದರು. ಅಲ್ಲಿಂದ ಹೊರಬಿದ್ದ ಹುಡುಗರು ನೃತ್ಯಕೂಟಗಳಲ್ಲಿ, ಹೋಟೆಲುಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳನ್ನು ನುಡಿಸಿ ಹೊಟ್ಟೆ ಹೊರೆದರು. ಇಲ್ಲಿಯ ರಸಮಂಜರಿಯವರು ಮಾಡುವ ಕೆಲಸವೇ ಅದು. ನುಡಿಸುತ್ತ ನುಡಿಸುತ್ತ ಎರವಲಿನ ಲಯ ಅವರ ಕೈಯಲ್ಲಿ ತಿರುವು ಪಡೆಯಿತು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವಾಗ ಎಣಿಕೆಗಳ ನಡುವೆ ಉಳಿಯುವ ಬಿಡುವಿನಲ್ಲಿ ಗಿಟಾರಿನ ತಂತಿಯನ್ನು ಚುಟುಕಾಗಿ ಮೀಟುವ ಹೊಸ ನಡಿಗೆ ಹುಟ್ಟಿತು. ತಾಳದ ಪೆಟ್ಟು ಬಿದ್ದು ಅರ್ಧ ಎಣಿಕೆ ಕಳೆದ ಮೇಲೆ ಪಲ್ಲವಿಯನ್ನು ಎತ್ತಿಕೊಳ್ಳುವ ಎಡಪು ಬಲ್ಲವರಿಗೆ ಇದರ ರುಚಿ ತಿಳಿದೀತು. ಈ ಸಂಗೀತಕ್ಕೆ 'ಸ್ಕಾ' ಎಂದು ಹೆಸರಾಯಿತು. 1962ರ ಆಗಸ್ಟ್ 6ರಂದು ಜಮೈಕ ಸ್ವತಂತ್ರವಾದಾಗ ಬೀದಿ ಬೀದಿಯಲ್ಲಿ ಮೊಳಗಿದ್ದು ಈ ಲಯ. 1964ರಲ್ಲಿ ಸ್ಕಟಲೈಟ್ಸ್ ಎಂಬ ತಂಡವನ್ನು ಕಟ್ಟಿದವರಲ್ಲಿ ಟಾಮಿ ಮೆಕುಕ್, ಡಾನ್ ಡ್ರಮಂಡ್ ಮೊದಲಾದ ನಾಲ್ವರು ಆಲ್ಫಾ ಶಾಲೆಯ ಹುಡುಗರೇ. ಮುಂದೆ 1979ರ ಸುಮಾರಿಗೆ ಇಂಗ್ಲೆಂಡಿನ ಕಾವೆಂಟ್ರಿಯಂಥ ಕೈಗಾರಿಕಾ ಪಟ್ಟಣಗಳಲ್ಲಿ ಕರಿಯ, ಬಿಳಿಯ ಯುವಕರು ಒಂದೇ ವೇದಿಕೆಯಲ್ಲಿ ನಿಂತು ಅದನ್ನು ಮತ್ತೆ ನುಡಿಸಿದರು. ಇಂದು ಅಲ್ಲಿಯ ಮದುವೆಯ ಔತಣಗಳಲ್ಲಿ ಹಳೆಯ ಸ್ಕಾ ಹಾಡುಗಳನ್ನೇ ನುಡಿಸುವ ತಂಡಗಳುಂಟು. ಎರವಲಿನಿಂದ ಹುಟ್ಟಿದ್ದು ಈಗ ಎರವಲು ಕೊಡುವ ಸಿರಿವಂತನಾಗಿದೆ!

ಕನ್ನಡದಲ್ಲಿಯೂ ಇಂಥ ದೃಷ್ಟಾಂತಗಳಿಗೆ ಬಡತನವಿಲ್ಲ. ಮೈಸೂರಿನ ಶಿವರಾಂಪೇಟೆಯಲ್ಲಿ ಬೆಳೆದ ರಾಜನ್ ಮತ್ತು ನಾಗೇಂದ್ರ ಸೋದರರು, ಒಬ್ಬರು ಪಿಟೀಲು, ಇನ್ನೊಬ್ಬರು ಜಲತರಂಗ ಹಿಡಿದು ವಾದ್ಯಗೋಷ್ಠಿಯಲ್ಲಿ ನುಡಿಸಿದವರು. 1952ರ 'ಸೌಭಾಗ್ಯಲಕ್ಷ್ಮಿ'ಯಿಂದ ಅವರು ಚಿತ್ರಸಂಗೀತ ನಿರ್ದೇಶಕರಾದರು. ಅಣ್ಣನ ತಂಡದೊಡನೆ ಊರೂರು ಅಲೆದು ವೇದಿಕೆಯ ಮೇಲೆ ನುಡಿಸುತ್ತಿದ್ದ ತಮಿಳುನಾಡಿನ ಯುವಕನೊಬ್ಬನು ಮದರಾಸಿಗೆ ಬಂದು ಕನ್ನಡದ ಜಿ. ಕೆ. ವೆಂಕಟೇಶರಲ್ಲಿ ಸಹಾಯಕನಾಗಿ ದುಡಿದನು, ಅವರೇ ಇಳಯರಾಜ. ಇಂದು ವಾದ್ಯಗೋಷ್ಠಿಗಳು ಹಾಡುವ ಹಾಡುಗಳಲ್ಲಿ ಎಷ್ಟೋ ಹಾಡುಗಳು ಒಂದು ಕಾಲದಲ್ಲಿ ವಾದ್ಯಗೋಷ್ಠಿಯಲ್ಲಿ ಕುಳಿತಿದ್ದವರು ಕಟ್ಟಿದವು.

ಆದರೆ ಎಲ್ಲರೂ ರಾಜನ್ ನಾಗೇಂದ್ರರಾಗುವುದಿಲ್ಲ. ಸಾವಿರ ಜನರಲ್ಲಿ ಒಬ್ಬರು ಇಬ್ಬರು ಹೊಳೆ ದಾಟುತ್ತಾರೆ. ಉಳಿದವರು ತಮ್ಮ ಊರಿನ ಮೂವತ್ತು ಮೈಲಿಯ ಸುತ್ತಿನಲ್ಲಿಯೇ ನುಡಿಸಿ ಮುದುಕರಾಗುತ್ತಾರೆ. ಈ ಮಾತು ಅವರಿಗಾಗಿ.

ಗುಂಡ್ಲುಪೇಟೆಯ ತಂಡವೊಂದಕ್ಕೆ ಎರಡು ಗಡಿಯಾರಗಳುಂಟು. ಒಂದು ಧ್ವನಿವರ್ಧಕದ ಗಡಿಯಾರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಚಪ್ಪರದಲ್ಲಿ ರಾತ್ರಿ 10 ಗಂಟೆಯ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಇನ್ನೊಂದು ಕಾಡಿನ ಗಡಿಯಾರ. ಬಂಡೀಪುರದ ಅಭಯಾರಣ್ಯದ ರಸ್ತೆಯಲ್ಲಿ ವನ್ಯಮೃಗಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು 2009ರಿಂದ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಸಂಚಾರವನ್ನು ನಿಲ್ಲಿಸಲಾಗಿದೆ. ಎರಡೂ ನ್ಯಾಯವಾದ ಕಟ್ಟಳೆಗಳೇ. ಮಲಗಿದ ಮಗುವಿಗೂ ದಾರಿ ದಾಟುವ ಆನೆಗೂ ಅವರವರ ರಾತ್ರಿಯ ಮೇಲೆ ಹಕ್ಕಿದೆ. ಆದರೆ ಈ ಎರಡು ಗಡಿಯಾರಗಳ ನಡುವೆ ಸಿಕ್ಕಿಬೀಳುವವನು ವಾದ್ಯದವನು. ಬತ್ತೇರಿಯಲ್ಲೋ ಗೂಡಲೂರಿನಲ್ಲೋ ಕಾರ್ಯಕ್ರಮವಿದ್ದರೆ ಹಾಡು ಹತ್ತಕ್ಕೆ ಮುಗಿಯುತ್ತದೆ, ದಾರಿ ಒಂಬತ್ತಕ್ಕೇ ಮುಚ್ಚಿರುತ್ತದೆ. ಆ ರಾತ್ರಿ ಖಾಲಿ ಛತ್ರದಲ್ಲಿ, ಮಡಿಸಿಟ್ಟ ಕುರ್ಚಿಗಳ ಪಕ್ಕದಲ್ಲಿ, ಕೀಬೋರ್ಡಿನ ಪೆಟ್ಟಿಗೆಯೇ ತಲೆದಿಂಬು. ಗಾಯಕಿಯ ಕಷ್ಟ ಇನ್ನೂ ದೊಡ್ಡದು. ಅವಳೊಡನೆ ಅಣ್ಣನೋ ತಾಯಿಯೋ ಬರಬೇಕು. ಅವರಿಗೆ ಪ್ರತ್ಯೇಕ ಕೋಣೆಯೊಂದನ್ನು ಮುಂಚಿತವಾಗಿಯೇ ಕಾದಿರಿಸುವ ಮನೆಯವರು ಕೆಲವರೇ. ಬೆಳಗಿನ ಆರಕ್ಕೆ ತಡೆಗಂಬ ಎದ್ದಾಗ ವ್ಯಾನು ಹೊರಡುತ್ತದೆ. ಮನೆ ಮುಟ್ಟಿದವನು ಸ್ನಾನ ಮಾಡಿ ಹೊಲಿಗೆಯ ಯಂತ್ರದ ಮುಂದೆ ಕೂರುತ್ತಾನೆ.

ಇದರ ಮೇಲೆ ಎರಡು ಪೆಟ್ಟುಗಳು ಬಿದ್ದವು. ಮೊದಲನೆಯದು ಕೊರೋನಾ. 2020ರ ಬೇಸಿಗೆಯಲ್ಲಿ ಮದುವೆಗೆ 50 ಜನರ ಮಿತಿ ಬಂದಿತು. ಐವತ್ತು ಜನರ ಮದುವೆಯಲ್ಲಿ ಎಂಟು ಜನರ ವಾದ್ಯಗೋಷ್ಠಿಗೆ ಎಲ್ಲಿಯ ಸ್ಥಳ? 2021ರ ವೈಶಾಖವೂ ಹಾಗೆಯೇ ಕಳೆಯಿತು. ಎರಡು ವರ್ಷದ ಸುಗ್ಗಿ ಇಲ್ಲದೆ ವಾದ್ಯ ಮಾರಿ ಅಕ್ಕಿ ತಂದವರುಂಟು. ಎರಡನೆಯದು ಡೀಜೆ. ಒಬ್ಬನೇ ಮನುಷ್ಯ, ಒಂದು ಪೆಟ್ಟಿಗೆ, ಎರಡು ಆಳೆತ್ತರದ ಧ್ವನಿವರ್ಧಕ. ಕೂಲಿ ಕಡಮೆ, ಊಟ ಒಂದೇ ಎಲೆ, ಹಾಡು ಸಾಕ್ಷಾತ್ ಮೂಲದಂತೆಯೇ. ಹುಡುಗರ ಮಾತೇ ಬದಲಾಯಿತು. ಹಿಂದೆ 'ಆ ಹಾಡು ಹಾಡಣ್ಣಾ' ಎನ್ನುತ್ತಿದ್ದವರು ಈಗ ಗಾಯಕನಿಗೂ 'ಆ ಹಾಡು ಹಾಕಣ್ಣಾ' ಎನ್ನುತ್ತಾರೆ. ಒಂದು ಅಕ್ಷರ ಬದಲಾಗಿ ಮನುಷ್ಯ ಯಂತ್ರವಾದ.

ಮೂಲದಂತೆಯೇ ಇರಬೇಕೆಂಬುದೊಂದೇ ಗುಣವಾದರೆ ಡೀಜೆಯೇ ಗೆದ್ದ, ವಾದವೇ ಇಲ್ಲ. ಆದರೆ ಮದುವೆಯ ಮನೆಯ ಸಂಜೆ ಮೂಲದಂತೆ ನಡೆಯುವುದಿಲ್ಲವಲ್ಲ! ಗಂಡಿನ ಕಡೆಯ ಬಸ್ಸು ತೆರಕಣಾಂಬಿಯ ಬಳಿ ಕೆಟ್ಟು ನಿಂತಿತೆಂದು ಸುದ್ದಿ ಬಂದರೆ ವಾದ್ಯಗೋಷ್ಠಿಯವನು ಅರ್ಧ ಗಂಟೆಯ ಹಾಡನ್ನು ಒಂದು ಗಂಟೆಗೆ ಬೆಳೆಸುತ್ತಾನೆ. ವಿದ್ಯುತ್ತು ಹೋದರೆ ತಬಲ ಒಂದರ ಆಸರೆಯಲ್ಲಿ ಬರಿಗೊರಳಲ್ಲಿ ಹಾಡಿ ಸಭೆಯನ್ನು ಹಿಡಿದಿಡುತ್ತಾನೆ. ಹೆಣ್ಣಿನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ದೂರದಿಂದಲೇ ಕಂಡು, ಬೆರಳ ಸನ್ನೆಯಿಂದ ಡ್ರಮ್ಮಿನವನನ್ನು ಸುಮ್ಮನಾಗಿಸಿ, ಶ್ರುತಿಯನ್ನು ತಗ್ಗಿಸುತ್ತಾನೆ. ಅಜ್ಜಿಯ ಕಾಲಿನ ತಾಳಕ್ಕೆ ತನ್ನ ತಾಳವನ್ನು ಹೊಂದಿಸುತ್ತಾನೆ. ಹಾಡು ಇನ್ನೊಬ್ಬರದಿರಬಹುದು, ಆ ಹೊತ್ತು ಆ ಮನೆಯದು. ಆ ಮನೆಯ ಹೊತ್ತನ್ನು ಕಣ್ಣಿಟ್ಟು ಕಾಯುವುದೇ ಈ ವಿದ್ಯೆ. ಪೆಟ್ಟಿಗೆಗೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ.

ಹೀಗೆ ಮನೆಯವರೆಲ್ಲರ ಮುಖವನ್ನು ನೋಡುವವನ ಮುಖವನ್ನು ಯಾರು ನೋಡಬೇಕು? ಹಿಂದೆ ನಾಗಸ್ವರದವರಿಗೂ ತಮಟೆಯವರಿಗೂ ಚಪ್ಪರದ ಒಳಗೆ ನಾದಕ್ಕೆ ಪ್ರವೇಶವುಂಟು, ನುಡಿಸುವವನಿಗಿಲ್ಲ ಎಂಬಂಥ ಕಾಲವಿತ್ತು. ಜಾತಿಯ ಆ ಗೆರೆ ಇಂದು ಬಾಯಲ್ಲಿ ಅಳಿಸಿದೆ. ಊಟದ ಹೊತ್ತಿನಲ್ಲಿ ಮಾತ್ರ ಎಲ್ಲಿಂದಲೋ ಮತ್ತೆ ಮೂಡುತ್ತದೆ. ವಾದ್ಯದವರದು ಯಾವಾಗಲೂ ಕೊನೆಯ ಪಂಕ್ತಿ. ಹೋಳಿಗೆ ಮುಗಿದಿರುತ್ತದೆ, ಪಲ್ಯ ತಳ ಹಿಡಿದಿರುತ್ತದೆ, ಬಡಿಸುವವರು ಸೊಂಟದ ಟವಲು ಬಿಚ್ಚಿರುತ್ತಾರೆ. ಉಳಿದ ಹಣದ ಮಾತೂ ಅಷ್ಟೇ. ವೀಳ್ಯದೊಡನೆ ಮುಂಗಡ ಕೊಟ್ಟ ಯಜಮಾನರು ಹತ್ತು ಗಂಟೆಯ ಹೊತ್ತಿಗೆ ಬೀಗರನ್ನು ಕಳಿಸಲು ಹೋಗಿರುತ್ತಾರೆ. 'ನಾಳೆ ಬಾರಪ್ಪ, ಲೆಕ್ಕ ಮಾಡೋಣ' ಎನ್ನುವ ಮಾತು ಸಿಟ್ಟಿನದಲ್ಲ, ಮೋಸದ್ದೂ ಅಲ್ಲ, ದಣಿವಿನದು. ಆದರೆ ಆ ನಾಳೆಗಾಗಿ ಬಸ್ಸಿನ ಚಾರ್ಜು ಕೊಟ್ಟು ನಾಲ್ಕು ಸಲ ಅಲೆಯುವವನೂ ದಣಿದವನೇ.

ಪರಿಹಾರವೇನೂ ದೊಡ್ಡದಲ್ಲ, ಸಂಘ ಕಟ್ಟಬೇಕಾಗಿಲ್ಲ, ಮಂತ್ರಿಗಳಿಗೆ ಮನವಿ ಬರೆಯಬೇಕಾಗಿಲ್ಲ. ಮದುವೆಯ ಮನೆಯಲ್ಲಿ ಹಾಲಿನ ಲೆಕ್ಕ, ಹೂವಿನ ಲೆಕ್ಕ, ಬೀಗರ ಕೋಣೆಯ ಲೆಕ್ಕವನ್ನೆಲ್ಲ ಚೀಟಿಯಲ್ಲಿ ಬರೆದಿಡುವ ಗೃಹಿಣಿಯರು ಅದೇ ಚೀಟಿಯ ಕೊನೆಯಲ್ಲಿ ಇನ್ನು ಮೂರು ಸಾಲು ಸೇರಿಸಿದರಾಯಿತು. ವಾದ್ಯದವರ ಉಳಿದ ಹಣವನ್ನು ಲಕೋಟೆಯಲ್ಲಿ ಹಾಕಿ ಸಂಜೆಯೇ ಸೋದರಳಿಯನ ಕೈಗೆ ಕೊಡುವುದು; ದೂರದಿಂದ ಬಂದವರಾದರೆ ಗಾಯಕಿಗೊಂದು ಕೋಣೆಯನ್ನೂ ಉಳಿದವರಿಗೆ ನಾಲ್ಕು ಜಮಖಾನೆಗಳನ್ನೂ ಹೇಳಿಡುವುದು; ಕಾರ್ಯಕ್ರಮದ ನಡುವೆ ವಧೂವರರು ಛಾಯಾಚಿತ್ರಕ್ಕೆ ನಿಲ್ಲುವ ಹೊತ್ತು ನೋಡಿ, ಎಂಟು ಗಂಟೆಗೇ, ಹೋಳಿಗೆ ಬಿಸಿಯಾಗಿರುವಾಗಲೇ, ಅವರಿಗೆ ಎಂಟು ಎಲೆಗಳನ್ನು ಹಾಕಿಸುವುದು.